ಗುರುವಾರದ ಕೆಮ್ಮು

"ದತ್ತೋಪಂತರಂಥ ಭಕ್ತರು ಈ ಓಣ್ಯಾಗ ಇನ್ನ ಹುಟ್ಟೂದಿಲ್ಲ ಬಿಡಬೇ" ಎಂದು ಜಮಖಂಡಿಯ ಆ ಓಣಿಯ ತಾಯವ್ವ ನೀರು ತುಂಬುವಾಗೆಲ್ಲ ಹೇಳುತ್ತಿದ್ದಳು. ಗುರುವಾರ ಬಂತೆಂದರೆ ದತ್ತೋಪಂತರು ಧೋತರ ಉಟ್ಟು, ಹೆಗಲಿಗೆ ಚೀಲ ಹಾಕಿ, ದೇವರ ದರ್ಶನಕ್ಕೆಂದು ಒಂದು ವಾರ ಮುಧೋಳ, ಒಂದು ವಾರ ಬನಹಟ್ಟಿ, ಮತ್ತೊಂದು ವಾರ ತೇರದಾಳದ ಬಸ್ಸು ಹತ್ತುವರು. ಸಂಜೆ ಅರೆಗಣ್ಣಿನಲ್ಲಿ ನಗುತ್ತ ಬಂದು ಓಣಿಯವರ ಕೈಗೆ ಕಲ್ಲುಸಕ್ಕರೆಯ ಪ್ರಸಾದ ಹಾಕುವರು. "ನೋಡ್ರಿ, ಇನ್ನೂ ಧ್ಯಾನದಾಗ ಅದಾರ" ಎಂದು ಜನ ಕೈ ಮುಗಿಯುವರು.

ಸಕ್ಕರೆ ಬಸ್ ನಿಲ್ದಾಣದ ಕಿರಾಣಿ ಅಂಗಡಿಯದು. ಧ್ಯಾನ ಕೆಮ್ಮಿನ ಔಷಧಿಯದು.

ಕೆಮ್ಮು ಮೊದಲು ಖರೆಯದೇ ಇತ್ತು. ಕಚೇರಿಯಿಂದ ನಿವೃತ್ತರಾದ ವರ್ಷದ ಚಳಿಯಲ್ಲಿ ಹತ್ತಿದ್ದು, ಒಂದು ಬಾಟಲಿಗೆ ಹೋಯಿತು. ಆದರೆ ಔಷಧಿ ತಂದ ಸುಖದ ಜೊಂಪು ಮನಸ್ಸಿನಿಂದ ಹೋಗಲಿಲ್ಲ. ಚಮಚೆ ಹೋಗಿ ಮುಚ್ಚಳ ಬಂತು, ಮುಚ್ಚಳ ಹೋಗಿ ಬಾಟಲಿಯೇ ಬಾಯಿಗೆ ಬಂತು. ಊರಿನ ಅಂಗಡಿಯವರು ಡಾಕ್ಟರ ಚೀಟಿ ಕೇಳತೊಡಗಿದ ಮೇಲೆ ದತ್ತೋಪಂತರಿಗೆ ಪರವೂರಿನ ದೇವರುಗಳು ನೆನಪಾದರು. ಕುಡಿಯದ ದಿನ ಕೈ ನಡುಗುವುದು, ಮೈಯೆಲ್ಲ ಮುರಿದಂತಾಗುವುದು. ಅದನ್ನವರು ಉಪವಾಸದ ಲೆಕ್ಕಕ್ಕೆ ಹಾಕಿದ್ದರು.

ಒಂದು ಗುರುವಾರ ಹೆಂಡತಿ ಮಥುರಾಬಾಯಿ ಪತ್ತಲ ಉಟ್ಟು ತಯಾರಾಗಿ ನಿಂತರು.

"ನಾನೂ ಬರತೇನ್ರಿ. ಹೆಣ್ಮಕ್ಕಳಿಗೆ ಬಸ್ಸು ಫುಕಟ್ ಅದ."

"ಬ್ಯಾಡ, ಗದ್ದಲ ಭಾಳ ಇರತದ."

"ಯಾಕ, ನಿಮ್ಮ ದೇವರಿಗೆ ನನ್ನ ಕಂಡ್ರ ಸಿಟ್ಟೇನ್ರಿ?"

ತೇರದಾಳದಲ್ಲಿ ಇಳಿದ ದತ್ತೋಪಂತರು ಇಲ್ಲದ ಗುಡಿಯನ್ನು ಹುಡುಕುತ್ತ ಹೆಂಡತಿಯನ್ನು ಊರೆಲ್ಲ ಸುತ್ತಿಸಿದರು. ಕಾಲು ಮಾತ್ರ ರೂಢಿಯ ದಾರಿ ಹಿಡಿದು ಔಷಧಿ ಅಂಗಡಿಯ ಮುಂದೆಯೇ ತಂದು ನಿಲ್ಲಿಸಿತು. ಅಂಗಡಿಯ ಗಿರಮಲ್ಲಪ್ಪ ಕೂಗಿದ: "ಬರ್ರಿ ಬರ್ರಿ! ಮೊಮ್ಮಗನ ಕೆಮ್ಮು ಇನ್ನೂ ನಿಂದರಲಿಲ್ಲೇನ್ರಿ? ಎಷ್ಟ ಬಾಟ್ಲಿ ಕೊಡ್ಲಿ?"

"ನಮ್ಮ ಕೌಸ್ತುಭಗ ಕೆಮ್ಮ?" ಮಥುರಾಬಾಯಿ ಗಂಡನ ಮುಖ ನೋಡಿದರು. "ನಿನ್ನೆ ಫೋನಿನಾಗ ಸೀಟಿ ಹೊಡಕೋತ ಮಾತಾಡಿದ್ನಲ್ರಿ!" ಆಮೇಲೆ ಸಾಲಾಗಿ ನಿಂತ ಬಾಟಲಿಗಳ ಮೇಲೆ ಅವರ ಕಣ್ಣು ಹರಿಯಿತು. "ಓಹೋ, ಇವೇನ್ರಿ ನಿಮ್ಮ ದೇವರು?"

ಗಿರಮಲ್ಲಪ್ಪನಿಗೆ ಥಟ್ಟನೆ ಒಳಗೆ ಏನೋ ಕೆಲಸ ನೆನಪಾಯಿತು.

ಬಸ್ಸಿನಲ್ಲಿ ಬರುವಾಗ ಮಥುರಾಬಾಯಿ ಬೈಯಲಿಲ್ಲ. "ಮಧ್ಯಾಹ್ನ ನೀವು ಮಲಗಿದಾಗ ಮೂಗಿನ ಹಂತೇಕ ಕೈ ಹಿಡದ ನೋಡತಿದ್ದೆ. ಉಸಿರು ತಡದ ತಡದ ಬರತಿತ್ತು. ಸಮಾಧಿ ಹತ್ತೇದ ಅಂತ ತಿಳಕೊಂಡ ಗಪ್ಪ ಕೂಡತಿದ್ದೆ" ಎಂದಷ್ಟೇ ಹೇಳಿದರು.

ಡಾಕ್ಟರು ಇನ್ನೂ ನೇರವಾಗಿ ಹೇಳಿದರು: ಹೀಗೇ ಕುಡಿದರೆ ಒಂದು ದಿನ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆ, ವಿಜಯಪುರದ ಆಸ್ಪತ್ರೆಗೆ ಸೇರಿಸಿ ಬಿಡಿಸಬೇಕು. ಅಲ್ಲೇ ಇರುವ ಮಗಳು ಹರ್ಷದಾ, "ಜಮಖಂಡಿ ಸಾಕು, ಇಬ್ಬರೂ ಇಲ್ಲೇ ಬಂದಬಿಡ್ರಿ" ಎಂದಳು. ಬಾಡಿಗೆ ಮನೆ ಬಿಡುವುದೆಂದಾಯಿತು.

ಸಾಮಾನೆಲ್ಲ ಟೆಂಪೋ ಏರಿದ ಮೇಲೆ ದತ್ತೋಪಂತರು, "ದೇವರ ಮನಿಗೆ ಒಂದ ನಮಸ್ಕಾರ ಹಾಕಿ ಬಂದೆ" ಎಂದು ಒಳಗೆ ಹೋದರು. ದೇವರನ್ನು ತೆಗೆದ ಗೋಡೆಯ ಮಾಡದ ಮೂಲೆಯಲ್ಲಿ ಕೈ ಆಡಿಸಿದರು. ತುಂಬಿದ ಬಾಟಲಿ ಸಿಕ್ಕಿತು. ಬೆರಳು ತಾನಾಗಿಯೇ ಮುಚ್ಚಳ ತಿರುವಿತು. ಹೊರಗೆ ಮಥುರಾಬಾಯಿ ಕರೆಯಲಿಲ್ಲ, ಇಣುಕಲೂ ಇಲ್ಲ. ಅದೇ ತೊಡಕಾಯಿತು, ಕರೆದಿದ್ದರೆ ಜಗಳ ತೆಗೆದು ಕುಡಿಯಬಹುದಿತ್ತು. ಬಾಟಲಿಯನ್ನು ಬಚ್ಚಲಿಗೆ ಬೋರಲು ಹಾಕಿದರು.

ಹೊರಗೆ ಬಂದು, "ಒಂದ ಇತ್ತು. ಸುರುವಿದೆ" ಎಂದರು.

"ಒಂದನ ಏನ್ರಿ?"

ದತ್ತೋಪಂತರು ತಲೆ ಕೆರೆದುಕೊಂಡು ಮತ್ತೆ ಒಳಗೆ ಹೋದರು. ಬಚ್ಚಲಲ್ಲಿ ಇನ್ನೊಮ್ಮೆ ಸಪ್ಪಳವಾಯಿತು. ಈ ಸಲ ಖಾಲಿ ಕೈಗಳೆರಡನ್ನೂ ಸಾಲಿ ಹುಡುಗರಂತೆ ಹೊರಳಿಸಿ ತೋರಿಸಿ, ಚಪ್ಪಲಿ ಮೆಟ್ಟಿ, ಹೆಂಡತಿಯ ಹಿಂದೆ ಆ ಮನೆಯ ಮೆಟ್ಟಿಲಿಳಿದರು.