ವಿಮಾನಕ್ಕೆ ಕಣ ಸಾರಿಸಿದ ದಿನ

ಓಡುತ್ತಿದ್ದ ಪುಟ್ಟ ವಿಮಾನ ಇನ್ನೇನು ಮೇಲೇಳಬೇಕು, ಅಷ್ಟರಲ್ಲಿ ಚಕ್ರ ಹೂತು, ಮೂತಿಯನ್ನು ಮಣ್ಣಿಗೆ ಕೊಟ್ಟು, ಬಾಲ ಎತ್ತಿ ನಿಂತುಬಿಟ್ಟಿತು. ಪೈಲಟ್ ಹಣೆಯ ರಕ್ತ ಒರೆಸಿಕೊಳ್ಳುತ್ತ ಇಳಿದು ಬಂದು ಬದುವಿನ ಮೇಲೆ ಕುಸಿದು ಕೂತರು.

ಅರವತ್ತರ ದಶಕ. ತಲಘಟ್ಟಪುರದಾಚೆ ನಮ್ಮ ಮಾವನವರ ರಾಗಿ ಹೊಲ. ಎರಡು ದಿನದ ಹಿಂದೆ ಎಂಜಿನ್ ಕೆಟ್ಟು ಪೈಲಟ್ ಅಲ್ಲಿ ಇಳಿದಿದ್ದರು. ರಿಪೇರಿಯಾದ ಮೇಲೆ ಹಾರಲು ಗಟ್ಟಿ ನೆಲ ಬೇಕೆಂದರು. ನಮಗೆ ಗಟ್ಟಿ ನೆಲ ಎಂದರೆ ರಾಗಿ ಬಡಿಯುವ ಕಣ. ಮಾವ ಬದು ಒಡೆಸಿ, ಎತ್ತು ಕಟ್ಟಿ ಕಲ್ಲುಗುಂಡು ಎಳೆಸಿದರು. ಅವತ್ತು ಬೆಳಿಗ್ಗೆ ಕಣಕ್ಕೆ ಮಾಡುವಂತೆಯೇ ನೀರು ಹೊಡೆದು ಸಗಣಿಯಲ್ಲಿ ಸಾರಿಸಿದೆವು. ಕಣವಾದರೆ ಒಣಗಲು ನಾಲ್ಕು ದಿನ ಬಿಸಿಲಿಗೆ ಬಿಡುತ್ತೇವೆ. ಅವರಿಗೋ ಅವಸರ, ನಮಗೋ ಸುಸ್ತು. ಯಾರಿಗೂ ಅದು ಹೊಳೆಯಲಿಲ್ಲ. ಬಾವಿಯಿಂದ ಅಷ್ಟೂ ನೀರು ಹೊತ್ತವಳು ಹೊಸ ಸೊಸೆ ನಾನು. ಸೊಂಟ ಬಿದ್ದುಹೋಗಿತ್ತು.

"ನೀರು ಯಾಕೆ ಹಾಕಿದ್ರಿ ಯಜಮಾನ್ರೇ?" ಎಂದರು ಪೈಲಟ್. ಬೈಯುವಷ್ಟು ತ್ರಾಣವೂ ಆ ದನಿಯಲ್ಲಿರಲಿಲ್ಲ.

"ನಿಮ್ಗೆ ಧೂಳು ಏಳ್ಬಾರ್ದು ಅಂತ ಸ್ವಾಮಿ," ಎಂದರು ಮಾವ, ತಮ್ಮ ಪಂಚೆಯ ಅಂಚು ಹರಿದು ಅವರ ಹಣೆಗೆ ಕಟ್ಟುತ್ತ.

ಪೈಲಟ್ ಕಣ್ಣು ಮುಚ್ಚಿ ತಲೆಯಾಡಿಸಿದರು. ಆಮೇಲೆ ನಾನು ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದರು.

ಆ ಹೊಲದಲ್ಲೀಗ ಸಾಲು ಮನೆಗಳು, ಒಂದರಲ್ಲಿ ನಾನಿದ್ದೇನೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಮೇಲೆ ವಿಮಾನದ ಸದ್ದಾದರೆ, ಅದು ದಾಟಿಹೋಗುವ ತನಕ ನೀರು ಚೆಲ್ಲದೆ ಚೊಂಬನ್ನು ಹಿಡಿದುಕೊಂಡೇ ನಿಂತಿರುತ್ತೇನೆ.