ಒಲೆಯಡಿಯ ಕಲ್ಲು

ಚಿಕ್ಕಪ್ಪನ ಕೈಗುಣವನ್ನು ಊರೆಲ್ಲ ಹೊಗಳುತ್ತಿತ್ತು. ಚರ್ಮ ಹದ ಮಾಡುವವರಿಗೆ ತೊಗಲು ಹೆರೆಯಲು ಅವನು ಮಾಡಿದ ಚಕಮಕಿ ಕಲ್ಲಿನ ಅಲಗೇ ಆಗಬೇಕು. ತೊಡೆಯ ಮೇಲೆ ದಪ್ಪ ತೊಗಲು ಹಾಸಿಕೊಂಡು ಜಿಂಕೆಕೊಂಬಿನ ತುಂಡಿನಿಂದ ಅವನು ಅಂಚಿಗೆ ಹೊಡೆದರೆ, ಈರುಳ್ಳಿ ಸಿಪ್ಪೆಯ ಹಾಗೆ ಚಕ್ಕೆ ಬಿಚ್ಚಿಕೊಳ್ಳುತ್ತಿತ್ತು.

ಆ ಕಲ್ಲು ಅಂಗಳಕ್ಕೆ ಹೇಗೆ ಬರುತ್ತಿತ್ತೆಂದು ಯಾರೂ ಕೇಳಲಿಲ್ಲ. ತರುತ್ತಿದ್ದವಳು ಚಿಕ್ಕಮ್ಮ. ಹಳ್ಳಕ್ಕೆ ಬಟ್ಟೆ ಒಗೆಯಲು ಹೋದಾಗ, ನೀರು ಕೊರೆದ ದಂಡೆಯಿಂದ ಕಲ್ಲು ಹೆಕ್ಕಿ, ಒಂದಕ್ಕೊಂದು ತಟ್ಟಿ ಕಿವಿಗೊಡುವಳು. ಕಿಣ್ ಎಂದರೆ ಬುಟ್ಟಿಗೆ, ದೊಪ್ ಎಂದರೆ ನೀರಿಗೆ. ಒದ್ದೆ ಬಟ್ಟೆಯಡಿ ಅವನ್ನು ಹೇರಿಕೊಂಡು, ಸೊಂಟ ಓರೆ ಮಾಡಿ ಮನೆಗೆ ಬರುವಳು. ಹಸಿ ಕಲ್ಲು ಬಲು ಮೊಂಡು. ಒಲೆಯಡಿಯ ಮರಳುಗುಣಿಯಲ್ಲಿ ಹೂತು, ಮೇಲೆ ದಿನದ ಅಡುಗೆ ಮುಗಿಸಿ, ರಾತ್ರಿಯಿಡೀ ಬೂದಿಯಲ್ಲಿ ಆರಲು ಬಿಟ್ಟರೆ ಹೇಳಿದ ಮಾತು ಕೇಳುತ್ತದೆ. ಆ ಬೇಯಿಸುವ ಕೆಲಸವೂ ಅವಳದೇ. ಸಂಜೆ ಚೂರು ಗುಡಿಸುವುದು, ಮಗಳ ಅಂಗಾಲಿಗೆ ಹೊಕ್ಕ ಚೂರನ್ನು ಪಿನ್ನಿನಿಂದ ಎತ್ತುವುದು, ಅವೂ ಅವಳದೇ. ಹೆಸರು ಮಾತ್ರ ಚಿಕ್ಕಪ್ಪನದು.

ಅವಳಿಗೆ ಒಂದೇ ಆಸೆ. ಒಂದು ಅಲಗನ್ನು, ಒಂದನ್ನಾದರೂ, ತನ್ನ ಕೈಯಾರೆ ಮಾಡಬೇಕು. ಜೇನಿನ ಬಣ್ಣದ ಕಲ್ಲೊಂದು ಸಿಕ್ಕಾಗ ಅದನ್ನು ತನಗೆಂದೇ ಎತ್ತಿಟ್ಟಳು. ಅದು ಗೂಡಿನಲ್ಲಿತ್ತು, ಆರ್ಡರು ಬಂತೆಂದು ಚಿಕ್ಕಪ್ಪ ತೆಗೆದು ಒಡೆದುಬಿಟ್ಟ. ಎರಡನೆಯದನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟಳು, ಅದೂ ಹೋಯಿತು. ಮೂರನೆಯದು ಸಿಕ್ಕಿದಾಗ ಚಿಕ್ಕಮ್ಮ ಬುದ್ಧಿ ಓಡಿಸಿದಳು. ಮರಳುಗುಣಿಯ ಹಿಂದಿನ ಮೂಲೆಯಲ್ಲಿ ಹೂತಳು. ಒಲೆಯೊಳಗೆ ಕೈ ಹಾಕುವ ಗಂಡಸು ಆ ಮನೆಯಲ್ಲಿರಲಿಲ್ಲ. ಒಮ್ಮೆ ಬೆಂದ ಕಲ್ಲು ಮತ್ತೆ ಬೇಯುವುದೇನು ಎಂದುಕೊಂಡಳು.

ಇವತ್ತು ಕೂರೋಣ, ನಾಳೆ ಕೂರೋಣ ಎನ್ನುತ್ತಲೇ ಬಂದಳು. ಮಗಳಿಗೆ ದಡಾರ ಆಯಿತು. ಅತ್ತೆ ಜಾರಿ ಬಿದ್ದು ಹಾಸಿಗೆ ಹಿಡಿದರು. ಒಮ್ಮೆ ಕೊಂಬು ಕೈಗೆತ್ತಿಕೊಂಡಿದ್ದಾಗ ಅವರೇ ಮಲಗಿದಲ್ಲಿಂದ ಕೇಳಿದ್ದರು: "ನೀನು ಕಲ್ಲು ಒಡೀತಾ ಕೂತ್ರೆ ಅಡುಗೆ ಯಾರು ಮಾಡ್ತಾರೆ ತಾಯಿ, ಕಲ್ಲು ಮಾಡುತ್ತಾ?"

ಚಿಕ್ಕಪ್ಪ ನಕ್ಕು, "ನಿನ್ನ ಕಲ್ಲಿಗೇನು ಓಡಿಹೋಗೋಕೆ ಕಾಲಿದ್ಯಾ? ಇರುತ್ತೆ ಬಿಡು," ಎಂದಿದ್ದ.

"ಅದಕ್ಕೆ ಕಾಲಿಲ್ಲ, ನಂಗೆ ಹೊತ್ತಿಲ್ಲ. ಒಳ್ಳೆ ಜೋಡಿ," ಎಂದು ಅವಳು ಒಳಗೆ ಹೋಗಿದ್ದಳು.

ಅತ್ತೆ ತೀರಿಕೊಂಡು, ಮಗಳ ಮದುವೆಯಾಗಿ, ಮನೆಗೆ ಗ್ಯಾಸ್ ಬಂದ ಮೇಲೆ ಒಲೆ ಕಿತ್ತರು. ಚಿಕ್ಕಮ್ಮ ತಾನೇ ಮರಳು ತೋಡಿ ಕಲ್ಲನ್ನು ಹೊರತೆಗೆದಳು. ಅಷ್ಟರಲ್ಲಿ ಅವಳ ತಲೆ ನರೆತಿತ್ತು. ಗಂಡನ ಮಣೆಯ ಮೇಲೆ, ಗಂಡನ ತೊಗಲು ಹಾಸಿಕೊಂಡು ಕೂತಳು. ಬೆಂದು ಬೆಂದು ಜೇನಿನ ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ತಟ್ಟಿ ಸದ್ದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ನೇರ ಹೊಡೆದಳು.

ಚಕ್ಕೆ ಏಳಲಿಲ್ಲ. ಕಲ್ಲುಸಕ್ಕರೆ ಪುಡಿಯಾದ ಹಾಗೆ ಇಡೀ ಕಲ್ಲು ಮಡಿಲಿಗೆ ಉದುರಿತು.

ಚಿಕ್ಕಪ್ಪ ಬಗ್ಗಿ ಒಂದು ತುಣುಕು ಎತ್ತಿ ನೋಡಿದ. ಒಳಗೆಲ್ಲ ಕೂದಲೆಳೆಯಂಥ ಬಿರುಕು. "ಅತಿಯಾಗಿ ಬೆಂದಿದೆ ಕಣೇ. ಒಲೆ ನಡುನಡುವೆ ನಾಲ್ಕು ದಿನ ಆರಿದ್ರೆ ಉಳೀತಿತ್ತೇನೋ."

"ಆರೋಕೆ ಯಾರು ಬಿಟ್ರು?" ಎಂದಳು ಚಿಕ್ಕಮ್ಮ. ದನಿಯಲ್ಲಿ ಕೋಪವಿರಲಿಲ್ಲ.

ಕೇಳಿದ್ದರೆ ತನ್ನ ಕಲ್ಲಲ್ಲೇ ಒಂದು ಕೊಡುತ್ತಿದ್ದೆ ಎಂದು ಅವನು ಗೊಣಗಿದ. "ನಿಮ್ಮ ಕಲ್ಲು ಯಾವುದ್ರೀ?" ಎಂದು ಅವಳು ಕೇಳಿದಳು. ಅವನು ಕೈಯಲ್ಲಿದ್ದ ತುಣುಕನ್ನು ಮಣೆಯ ಮೇಲಿಟ್ಟ. ಅವಳು ಮಡಿಲು ಕೊಡವಿ ಪೊರಕೆ ತರಲು ಎದ್ದಳು.

ಮರುದಿನ ಚಿಕ್ಕಪ್ಪ ಹೇಳದೆ ಕೇಳದೆ ಹಳ್ಳಕ್ಕೆ ಹೋದ. ಮದುವೆಯಾದ ಮೇಲೆ ಅವನು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಮಧ್ಯಾಹ್ನ, ಪಂಚೆಯ ಅಂಚೆಲ್ಲ ಕೆಸರು ಮಾಡಿಕೊಂಡು, ಹೊಳಪಿನ ಜೇನುಬಣ್ಣದ ಕಲ್ಲೊಂದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಅವನು ಕೈಕಾಲು ತೊಳೆಯಲು ಹೋದಾಗ ಅವಳು ಸೌಟಿನ ಹಿಡಿಯಿಂದ ಅದನ್ನು ಮೆಲ್ಲಗೆ ತಟ್ಟಿದಳು.

ದೊಪ್.

ಚಿಕ್ಕಪ್ಪನಿಗೆ ಅದನ್ನು ಅವಳು ಕೊನೆಯವರೆಗೂ ಹೇಳಲಿಲ್ಲ. ಬೆಕ್ಕಿನ ಕಾಟಕ್ಕೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಭಾರ ಬೇಕಿತ್ತು, ಅಲ್ಲಿಟ್ಟಳು. ಕೆಸರಾದ ಪಂಚೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಳು.