ಚುಪ್ ಎಂಬ ಹೆಸರು

ಎರಡನೆಯ ಮಹಾಯುದ್ಧದಿಂದ ಮರಳಿದ ನನ್ನ ಮಾವನವರಿಗೆ ಪಲ್ಟನ್ನಿನಲ್ಲಿದ್ದ ಹೆಸರು ಆಲೂ. ನಮ್ಮ ಬೆಟ್ಟದ ಆಲೂಗಡ್ಡೆಯ ಖ್ಯಾತಿ ಹವಾಲ್ದಾರನವರೆಗೂ ಮುಟ್ಟಿತ್ತು. ಬರ್ಮಾದ ಕಡೆಯ ಕಂದಕದಲ್ಲಿ ಅವರ ಪಕ್ಕ ಮಲಗುತ್ತಿದ್ದವನ ಹೆಸರು ಚುಪ್. ಮಾತು ನಿಲ್ಲಿಸದ ಅವನನ್ನು ಹವಾಲ್ದಾರ ದಿನವಿಡೀ "ಚುಪ್!" ಎಂದು ಗದರಿ ಗದರಿ, ಕೊನೆಗೆ ಅದೇ ಅವನ ಹೆಸರಾಯಿತಂತೆ.

ಒಂದು ದಿನ ಫಿರಂಗಿ ಗುಂಡು ಬಿದ್ದು ಕಂದಕದ ಗೋಡೆ ಕುಸಿಯಿತು. ಮಣ್ಣು ತೆಗೆಯುವ ಮೊದಲೇ ಮುಂದೆ ನಡೆಯಲು ಆಜ್ಞೆ ಬಂತು. ಚುಪ್ ಮಣ್ಣಿನಡಿಯಲ್ಲೇ ಉಳಿದ.

ಕೂಕಲ್ತೊರೈಯ ನಮ್ಮ ಟೀ ತೋಟದಲ್ಲಿ ಮಳೆನೀರು ಇಂಗಲು ತೋಡಿದ ಗುಂಡಿಗಳನ್ನೂ ನಾವು ಯುದ್ಧದ ಕಂದಕದಂತೆ ಟ್ರೆಂಚ್ ಎನ್ನುತ್ತೇವೆ. ಮಾವನವರು ಕೋಲಿನಿಂದ ತಳ ತಟ್ಟಿ ನೋಡದೆ ಒಂದನ್ನೂ ದಾಟುತ್ತಿರಲಿಲ್ಲ.

ಅವರ ಕೊನೆಯ ಚಳಿಗಾಲ. ಒಲೆಯ ಬಳಿ ನಾನು ಅವರೆ ಸುಲಿಯುತ್ತಿದ್ದೆ. ಮಾವನವರು ಟೀ ಲೋಟ ಕೆಳಗಿಟ್ಟು ನನ್ನತ್ತ ತಿರುಗಿದರು.

"ಅಮ್ಮಿ, ಆ ಚುಪ್‌ಗೆ ಸಾವಿನ ಕಾರ್ಯ ಮಾಡಿದವರು ಒಬ್ಬರೂ ಇಲ್ಲೆ. ನನ್ನ ಸಾವಿನಂದು ಅವನ ಹೆಸರನ್ನೂ ಕೂಗಿಸು."

ನಮ್ಮಲ್ಲಿ ಸಾವಿನಂದು ಹಿರಿಯರೊಬ್ಬರು ಹಿಂದೆ ತೀರಿಹೋದವರ ಹೆಸರು ಕೂಗುತ್ತಾರೆ. ಸೇರಿದವರೆಲ್ಲ ಒಂದೇ ದನಿಯಲ್ಲಿ ಅದನ್ನೇ ಮರಳಿ ಕೂಗಿದರೆ ಆ ಜೀವಕ್ಕೆ ದಾರಿ ಬಿಟ್ಟಂತೆ.

"ಅವನ ಅವ್ವೆ ಇಟ್ಟ ಹೆಸರು ಏನ, ಮಾಮ?"

ಅವರ ತುಟಿಗಳು ಏನನ್ನೋ ಹುಡುಕಿದವು. ಟೀ ಮೇಲೆ ಕೆನೆ ಕಟ್ಟಿತು.

"ಇತ್ತು ಅಮ್ಮಿ. ಮರೆತು ಹೋತು." ಆಮೇಲೆ ಕಣ್ಣೊರೆಸಿಕೊಂಡು ನಕ್ಕರು. "ಚುಪ್ ಅಂತಲೇ ಕೂಗಿಸು. ವಾಯಾಡಿ ಅವ, ಬಾಯಿ ಮುಚ್ಚಿದವನೇ ಅಲ್ಲ, ಮಣ್ಣೊಳಗಿಂದಲೂ ಓಗೊಡುವ."

ಅವರು ತೀರಿಕೊಂಡ ದಿನ ಈ ಮಾತನ್ನು ನನ್ನ ಗಂಡನಿಗೆ ಹೇಳಿದೆ. ಅವರು ಹೆಸರು ಕೂಗುವ ಹಿರಿಯರ ಕಿವಿಗೆ ಹಾಕಿದರು.

"ಮಿಲಿಟರಿ ಹೆಸರಾ?" ಹಿರಿಯರು ಹುಬ್ಬೇರಿಸಿದರೂ ಒಪ್ಪಿದರು.

ಹೆಸರುಗಳು ಒಂದೊಂದಾಗಿ ಬಂದವು. ಪ್ರತಿ ಹೆಸರಿಗೂ ಜನರ ದನಿ ಎದ್ದು ತೋಟದಾಚೆಗೆ ಹೋಗುತ್ತಿತ್ತು. ಎಲ್ಲ ಮುಗಿದ ಮೇಲೆ ಹಿರಿಯರು ಕೈಯೆತ್ತಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದರು:

"ಚುಪ್!"

ಎಲ್ಲರೂ ಸುಮ್ಮನಾದರು. ವಾದ್ಯದವರು ಕೊಳಲನ್ನು ಬಾಯಿಂದ ತೆಗೆದರು. ನನ್ನ ಪಕ್ಕದ ತಾಯಿ ಮಗುವಿನ ಬಾಯಿ ಮುಚ್ಚಿದಳು.

"ಏನ, ಯಾರಿಗೆ ಬೈದದು?" ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಸುಮ್ಮನಿರು, ಮೊದಲೇ ಕೋಪದಲ್ಲಿದ್ದಾರೆ."

ಅದು ಹೆಸರೆಂದು ಹೇಳಲು ನಾನು ಬಾಯಿ ತೆರೆದೆ. ಪಕ್ಕದ ತಾಯಿ ನನಗೂ "ಶ್" ಎಂದಳು. ಹಿರಿಯರು ಎತ್ತಿದ ಕೈಯಲ್ಲೇ ಜನರ ದನಿಗೆ ಕಾದರು. ಆಮೇಲೆ ಕೈ ಇಳಿಸಿದರು. ಗಂಡಸರು ಮಾವನವರನ್ನು ಹೆಗಲಿಗೆ ಎತ್ತಿಕೊಂಡರು.